ಇಂಟೇಕ್ ಪೈಪು: ಅಲ್ಯೂಮಿನಿಯಮ್ಮಾ, ಪ್ಲಾಸ್ಟಿಕ್ಕಾ?

ಕಾರಿನ ಏರ್ ಇಂಟೇಕ್ ಬದಲಾಯಿಸೋಣ ಅಂತ ಹೊರಟವರೆಲ್ಲ ಮೊದಲು ಕೇಳೋದು, ಪೈಪು ಯಾವುದರದ್ದು ಹಾಕಿಸಲಿ ಅಂತ. ನಾನಿರೋದು ಮುಂಬೈನ ಆಂಟಾಪ್ ಹಿಲ್‌ನಲ್ಲಿ. ಹಾಗಾಗಿ ನನ್ನ ಉತ್ತರದಲ್ಲಿ ಇಲ್ಲಿನ ಟ್ರಾಫಿಕ್ಕು, ಮಳೆ ಎರಡೂ ಸೇರಿಕೊಂಡಿರ್ತವೆ.

ಮೊದಲು ಶಾಖದ ವಿಷಯ. ಅಲ್ಯೂಮಿನಿಯಂ ಮಿಶ್ರಲೋಹ ಸ್ಟೇನ್‌ಲೆಸ್ ಸ್ಟೀಲ್‌ಗಿಂತ ಸುಮಾರು ಹತ್ತು ಪಟ್ಟು ಚೆನ್ನಾಗಿ ಶಾಖ ಸಾಗಿಸ್ತದೆ. ನೈಲಾನ್, ಎಬಿಎಸ್ ಥರದ ಪ್ಲಾಸ್ಟಿಕ್‌ಗೆ ಹೋಲಿಸಿದ್ರೆ ನೂರಾರು ಪಟ್ಟು. ಕಂಪನಿಯವರು ಪ್ಲಾಸ್ಟಿಕ್ ಪೈಪು ಹಾಕೋದು ಬರೀ ಜಿಪುಣತನದಿಂದಲ್ಲ, ನೋಡಿ.

ಹಾಗಂತ ಅಲ್ಯೂಮಿನಿಯಂ ಹಾಕಿದ ತಕ್ಷಣ ಪವರ್ ಬಿದ್ದುಹೋಗ್ತದಾ? ಲೆಕ್ಕ ಹಾಕೋಣ. 1.2 ಲೀಟರ್ ಎಂಜಿನ್ 3000 ಆರ್‌ಪಿಎಂನಲ್ಲಿ, ಥ್ರಾಟಲ್ ಪೂರ್ತಿ ತೆರೆದಾಗ, ಸೆಕೆಂಡಿಗೆ ಹೆಚ್ಚೆಂದರೆ 30 ಲೀಟರ್ ಗಾಳಿ ಎಳೀತದೆ. 60 ಮಿಲಿಮೀಟರ್ ವ್ಯಾಸದ ಅರ್ಧ ಮೀಟರ್ ಪೈಪನ್ನು ಆ ಗಾಳಿ ದಾಟೋಕೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಅಷ್ಟರಲ್ಲಿ ಎಷ್ಟು ತಾನೇ ಬಿಸಿಯಾದೀತು? ಈಸ್ಟರ್ನ್ ಫ್ರೀವೇ ಮೇಲೆ ಈ ವ್ಯತ್ಯಾಸ ನಿಮಗೆ ಗೊತ್ತೇ ಆಗಲ್ಲ. ಸಾಯನ್ ಕಡೆ ಜಾಮಿನಲ್ಲಿ ನಿಂತಾಗ ಕಥೆ ಬೇರೆ: ಗಾಳಿ ನಿಧಾನ, ಪೈಪು ಕಾದಿರ್ತದೆ. 30 ಡಿಗ್ರಿಯ ಗಾಳಿ 40 ಆದ್ರೆ ಸಾಂದ್ರತೆ ಸುಮಾರು ಶೇ. 3 ಇಳೀತದೆ. ಆದ್ರೆ ಬಾನೆಟ್ ಒಳಗೇ ತೆರೆದಿಟ್ಟ ಕೋನ್ ಫಿಲ್ಟರ್ ಎಳೆಯೋ ಬಿಸಿಗಾಳಿಯ ಮುಂದೆ ಪೈಪಿನ ಶಾಖ ಏನೂ ಅಲ್ಲ. ಅದಕ್ಕೇ ಫಿಲ್ಟರ್ ಎಲ್ಲಿದೆ ಅನ್ನೋದೇ ನನಗೆ ದೊಡ್ಡ ಪ್ರಶ್ನೆ.

ಇನ್ನೊಂದು ವಿಷಯ ಮರೀಬೇಡಿ. ಈ ಪೈಪು ಇರೋದು ಫಿಲ್ಟರ್ ಆದಮೇಲೆ. ಒಳಗಿಂದ ಏನೇ ಉದುರಿದ್ರೂ ನೇರ ಎಂಜಿನ್‌ಗೆ ಹೋಗ್ತದೆ. ವಡಾಲಾದ ಉಪ್ಪಿನಗದ್ದೆಗಳು ನಮ್ಮ ಪಕ್ಕದಲ್ಲೇ. ಇಂಥ ಉಪ್ಪುಗಾಳಿಯಲ್ಲಿ ಅಗ್ಗದ ಮೈಲ್ಡ್ ಸ್ಟೀಲ್ ಪೈಪು ಬೇಡವೇ ಬೇಡ, ತುಕ್ಕು ಹಿಡೀತದೆ. ಮನೇಲಿ ತ್ರೀ-ಡಿ ಪ್ರಿಂಟರ್ ಇಟ್ಟುಕೊಂಡವರು (ನಮ್ಮ ಐಟಿ ಮಂದಿಯಲ್ಲಿ ಇಂಥವರು ಬಹಳ) ಪಿಎಲ್‌ಎಯಲ್ಲಿ ಪೈಪು ಪ್ರಿಂಟ್ ಮಾಡ್ಬೇಡಿ. ಅದು 60 ಡಿಗ್ರಿ ಹತ್ತಿರವೇ ಮೆತ್ತಗಾಗ್ತದೆ. ಗಾಜಿನ ಎಳೆ ಸೇರಿಸಿದ ನೈಲಾನ್ ಆದ್ರೆ ಸರಿ. ಸಿಲಿಕೋನ್ ಜಾಯಿಂಟಿಗೆ, ತಿರುವಿಗೆ ಒಳ್ಳೇದು. ಆದ್ರೆ ಎಂಜಿನ್ ಆಯಿಲ್ ಆವಿ ಬಂದು ಸೇರೋ ಜಾಗದಲ್ಲಿ ಸಾಮಾನ್ಯ ಸಿಲಿಕೋನ್ ಬಾಳಲ್ಲ, ಒಳಪದರ ಫ್ಲೋರೋಸಿಲಿಕೋನಿನದ್ದು ಇರ್ಬೇಕು. ಕಾರ್ಬನ್ ಫೈಬರ್? ನೋಡೋಕೆ ಚಂದ, ಅಷ್ಟೇ ದುಬಾರಿ.

ಈಗ ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದಿತ್ತು. ಅಷ್ಟೆಲ್ಲ ಬೇಕಿಲ್ಲ, ಮಾಮೂಲಿ ಜೋರುಮಳೆಗೇ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಹತ್ತಿರ ನೀರು ನಿಲ್ತದೆ. ತಂಪು ಗಾಳಿಗೆ ಅಂತ ಫಿಲ್ಟರನ್ನು ಬಂಪರ್ ಹಿಂದೆ ಕೆಳಗಿಳಿಸಿದ್ರೆ ಅದು ನೀರನ್ನೂ ಎಳೀತದೆ. ಗಾಳಿ ಹಾಗೆ ನೀರು ಒತ್ತಿದ್ರೆ ಕುಗ್ಗಲ್ಲ, ಕನೆಕ್ಟಿಂಗ್ ರಾಡೇ ಬಗ್ಗಿಬಿಡ್ತದೆ. ಆಮೇಲೆ ಪೈಪು ಯಾವುದರದ್ದಾಗಿದ್ರೇನು, ಎಂಜಿನ್ ಬಿಚ್ಚಲೇಬೇಕು. ನೀರಲ್ಲಿ ಕಾರು ನಿಂತುಹೋದ್ರೆ ಮತ್ತೆ ಸ್ಟಾರ್ಟ್ ಮಾಡ್ಬೇಡಿ, ಟೋ ಮಾಡಿಸಿ. ಪಾಲಿಸಿಯಲ್ಲಿ ಎಂಜಿನ್ ಪ್ರೊಟೆಕ್ಷನ್ ಆಡ್-ಆನ್ ಇದೆಯಾ ಅಂತ ಜೂನಿಗೆ ಮೊದಲೇ ನೋಡ್ಕೊಳ್ಳಿ.

ನನ್ನ ಆಯ್ಕೆ ಕೇಳಿದ್ರೆ, ನೈಲಾನ್ ಪೈಪು, ಮುಚ್ಚಿದ ಬಾಕ್ಸಿನಲ್ಲಿ ಫಿಲ್ಟರು, ಗಾಳಿ ಎಳೆಯೋ ಬಾಯಿ ಕಂಪನಿ ಇಟ್ಟ ಎತ್ತರದಲ್ಲೇ. ಕ್ಲಾಂಪುಗಳು ಸ್ಟೇನ್‌ಲೆಸ್ ಸ್ಟೀಲಿನವು.