ಗಾಂಜಾ ಬಿಟ್ಟ ಮೂವತ್ತು ದಿನ: ಮನೆಯವರು ತಿಳಿದಿರಬೇಕಾದ ವಿಷಯಗಳು



ಸಂಘದ ಸಭೆಯಲ್ಲಿ ಕುಡಿತದ ಬಗ್ಗೆ ನಾವು ಬಾಯಿಬಿಟ್ಟು ಮಾತಾಡುತ್ತೇವೆ. ಗಂಡ ಕುಡಿದು ಬಂದ, ಸಂಬಳ ಬಾರಿಗೆ ಹೋಯಿತು ಎಂದು ಹೇಳಲು ಈಗ ಹಿಂದಿನಷ್ಟು ಸಂಕೋಚವಿಲ್ಲ. ಆದರೆ ಗಾಂಜಾದ ಮಾತು ಬಂದರೆ ಎಲ್ಲರೂ ಮೌನ. ಮಗನ ಹೆಸರು ಹಾಳಾದೀತು, ಪೊಲೀಸರು ಬಂದಾರು, ಮಗಳ ಮದುವೆಗೆ ಅಡ್ಡಿಯಾದೀತು ಎಂಬ ಹೆದರಿಕೆ.

ಇದು ಬಡವರ ಮನೆಯ ಅಥವಾ ಓದದವರ ಮನೆಯ ಸಮಸ್ಯೆ ಮಾತ್ರ ಅಲ್ಲ. 2023ರ ಜನವರಿಯಲ್ಲಿ ಮಂಗಳೂರು ನಗರ ಪೊಲೀಸರು ಗಾಂಜಾ ಪ್ರಕರಣದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳನ್ನೂ ವೈದ್ಯರನ್ನೂ ಬಂಧಿಸಿದ್ದರು. ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸುಮಾರು 3.1 ಕೋಟಿ ಜನ ಒಂದು ವರ್ಷದ ಅವಧಿಯಲ್ಲಿ ಗಾಂಜಾ, ಚರಸ್ ಅಥವಾ ಭಂಗಿ ಸೇವಿಸಿದ್ದರು. ಇವರಲ್ಲಿ ಸುಮಾರು 72 ಲಕ್ಷ ಮಂದಿಗೆ ನೆರವು ಬೇಕಾಗಿತ್ತು. ಹಾಗಾಗಿ ನಾಚಿಕೆ ಬದಿಗಿಟ್ಟು ಮಾತಾಡುವುದು ಒಳ್ಳೆಯದು.

ದಿನಾ ಗಾಂಜಾ ಸೇದುವ ಮಗ ಒಂದು ದಿನ ತಾನಾಗಿಯೇ "ಅಮ್ಮಾ, ಒಂದು ತಿಂಗಳು ಬಿಟ್ಟು ನೋಡ್ತೇನೆ" ಎನ್ನುತ್ತಾನೆ. ಮನೆಯಲ್ಲಿ ಸಂತೋಷವೋ ಸಂತೋಷ. ಮೂರನೇ ದಿನಕ್ಕೆ ಅವನೇ ಊಟದ ಬಟ್ಟಲು ದೂಡಿ ಎದ್ದು ಹೋಗುತ್ತಾನೆ, ತಂಗಿಗೆ ಬೈಯುತ್ತಾನೆ, ರಾತ್ರಿಯಿಡೀ ಜಗಲಿಯಲ್ಲಿ ತಿರುಗುತ್ತಾನೆ. ಆಗ ತಾಯಿಯ ಬಾಯಿಂದ "ಇದಕ್ಕಿಂತ ನೀನು ಸೇದುವಾಗಲೇ ಒಳ್ಳೆದಿತ್ತು" ಎಂಬ ಮಾತು ಬರುತ್ತದೆ. ಅಲ್ಲಿಗೆ ಬಿಡುವ ಪ್ರಯತ್ನವೂ ಮುಗಿಯುತ್ತದೆ. ಆ ಸಿಟ್ಟು ಮಗನ ಸ್ವಭಾವವಲ್ಲ, ಅದು ಗಾಂಜಾ ದೇಹ ಬಿಟ್ಟು ಹೋಗುವ ಲಕ್ಷಣ ಎಂದು ಮನೆಯವರಿಗೆ ಮೊದಲೇ ಗೊತ್ತಿದ್ದರೆ ಈ ತಿಂಗಳನ್ನು ದಾಟಿಸಬಹುದು. ಇಲ್ಲಿ ಮಗ ಎಂದು ಬರೆದದ್ದು ಗಂಡನಿಗೂ ತಮ್ಮನಿಗೂ ಮಗಳಿಗೂ ಅನ್ವಯಿಸುತ್ತದೆ.

ದೇಹದೊಳಗೆ ಏನಾಗುತ್ತದೆ?

ನಮ್ಮ ಮಿದುಳು ತಾನೇ ತಯಾರಿಸುವ ಒಂದು ವಸ್ತು ಉಂಟು. 1992ರಲ್ಲಿ ಜೆರುಸಲೇಮಿನ ವಿಜ್ಞಾನಿಗಳು ಅದನ್ನು ಕಂಡುಹಿಡಿದು, ಸಂಸ್ಕೃತದ 'ಆನಂದ' ಎಂಬ ಶಬ್ದದಿಂದ 'ಆನಂದಮೈಡ್' ಎಂದು ಹೆಸರಿಟ್ಟರು. ಹಸಿವು, ನಿದ್ದೆ, ಮನಸ್ಸಿನ ನೆಮ್ಮದಿ ಇವುಗಳಲ್ಲಿ ಅದರ ಪಾತ್ರ ಇದೆ. ಅದನ್ನು ಒಂದು ಕೀಲಿಕೈ ಎಂದು ತಿಳಿಯಿರಿ. ಅದು ಹೊಂದುವ ಬೀಗಗಳು ಮಿದುಳಿನಲ್ಲಿ ಇವೆ.

ಗಾಂಜಾದಲ್ಲಿರುವ ಟಿಎಚ್‌ಸಿ ಎಂಬ ಅಂಶ ಕಳ್ಳ ಕೀಲಿಕೈ ಇದ್ದ ಹಾಗೆ. ದಿನಾ ಬಂದು ಅದೇ ಬೀಗಗಳನ್ನು ತಿರುಗಿಸುತ್ತದೆ. ಮಿದುಳು ಇದನ್ನು ತಡೆಯಲು ಕೆಲವು ಬೀಗಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಆಗ ಮೊದಲಿನ ಅಮಲಿಗೆ ಮೊದಲಿಗಿಂತ ಹೆಚ್ಚು ಗಾಂಜಾ ಬೇಕು. ಸೇದದಿದ್ದರೆ ಸಾಧಾರಣ ಹಸಿವೂ ಇಲ್ಲ, ನಿದ್ದೆಯೂ ಇಲ್ಲ. ಗಾಂಜಾ ನಿಲ್ಲಿಸಿದರೆ ಬೀಗಗಳು ಹಿಂದೆ ಬರಲು ಎರಡು ದಿನದೊಳಗೆ ಸುರುವಾಗುತ್ತವೆ. ಸುಮಾರು ನಾಲ್ಕು ವಾರದಲ್ಲಿ ಸೇದದವರ ಮಟ್ಟಕ್ಕೆ ಹತ್ತಿರ ಬರುತ್ತವೆ ಎಂದು ಮಿದುಳಿನ ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನಗಳು ತಿಳಿಸಿವೆ. ಒಂದು ವಾರ ಬಿಟ್ಟರೆ ಸಾಲದು, ಒಂದು ತಿಂಗಳಾದರೂ ಬೇಕು ಎನ್ನುವುದು ಇದಕ್ಕೇ.

ದಿನಗಳ ಲೆಕ್ಕ

1ರಿಂದ 3ನೇ ದಿನ: ಚಡಪಡಿಕೆ, ಸಣ್ಣ ಮಾತಿಗೂ ಸಿಟ್ಟು, ಊಟ ಸೇರದಿರುವುದು, ಬೆವರು, ತಲೆನೋವು. ಕೆಲವರಿಗೆ ಹೊಟ್ಟೆನೋವು, ಸಣ್ಣ ನಡುಕ.

4ರಿಂದ 7ನೇ ದಿನ: ಹೆಚ್ಚಿನವರಿಗೆ ಇದೇ ಕಷ್ಟದ ವಾರ. ನಿದ್ದೆ ಬರುವುದಿಲ್ಲ, ಬಂದರೆ ವಿಚಿತ್ರ ಕನಸುಗಳು. "ಒಂದೇ ಒಂದು ಸಲ" ಎಂಬ ಆಸೆ ಬಲವಾಗಿರುತ್ತದೆ.

8ರಿಂದ 14ನೇ ದಿನ: ಸಿಟ್ಟು ಇಳಿಯುತ್ತದೆ, ಊಟ ಸೇರುತ್ತದೆ. ಮನಸ್ಸಿಗೆ ಬೇಸರ ಇರಬಹುದು.

15ರಿಂದ 30ನೇ ದಿನ: ದೇಹ ಹಗುರ. ನಿದ್ದೆ ಮಾತ್ರ ಕೆಲವರಿಗೆ ತಿಂಗಳು ಕಳೆದರೂ ಪೂರ್ತಿ ಸರಿಯಾಗುವುದಿಲ್ಲ.

ಎಲ್ಲರಿಗೂ ಇಷ್ಟು ಕಷ್ಟ ಆಗಬೇಕೆಂದಿಲ್ಲ. ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ ಸೇದುತ್ತಿದ್ದ ಎನ್ನುವುದರ ಮೇಲೆ ಹೋಗುತ್ತದೆ. ಇನ್ನೊಂದು ವಿಷಯ: ಟಿಎಚ್‌ಸಿ ದೇಹದ ಕೊಬ್ಬಿನಲ್ಲಿ ಉಳಿಯುವುದರಿಂದ, ದಿನಾ ಸೇದುತ್ತಿದ್ದವನ ಮೂತ್ರ ಪರೀಕ್ಷೆಯಲ್ಲಿ ಬಿಟ್ಟು ಕೆಲವು ವಾರಗಳಾದರೂ ಗಾಂಜಾ ಕಾಣಿಸಬಹುದು. ಅದನ್ನು ನೋಡಿ "ನೀನು ಸುಳ್ಳು ಹೇಳ್ತಿದ್ದಿ" ಎಂದು ಜಗಳ ಮಾಡಬೇಡಿ.

ಬಿಡುವ ಮೊದಲು ಏನು ಸಿದ್ಧತೆ?

- ಬಿಡುವ ದಿನವನ್ನು ಅವನೇ ಆರಿಸಲಿ. ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಮದುವೆ, ಹಬ್ಬ, ಪರೀಕ್ಷೆಯ ಹಿಂದೆಮುಂದೆ ಬೇಡ.
- ಇಟ್ಟುಕೊಂಡ ಗಾಂಜಾ, ಕಾಗದ, ಲೈಟರ್ ಎಲ್ಲವನ್ನೂ ಅವನ ಕೈಯಿಂದಲೇ ತೆಗೆಸಿ. ಅಮಲಿನ ಚಾಕಲೇಟನ್ನೂ ಮರೆಯಬೇಡಿ. 2023ರಲ್ಲಿ ನಮ್ಮ ನಗರದ ಅಂಗಡಿಗಳಿಂದಲೇ ಇಂಥವನ್ನು ಪೊಲೀಸರು ವಶಪಡಿಸಿಕೊಂಡಿದ್ದರು. ಸೇದುವುದು ಬಿಟ್ಟು ಚಾಕಲೇಟು ತಿಂದರೆ ಬಿಟ್ಟಂತಾಗುವುದಿಲ್ಲ.
- ಯಾವ ಹೊತ್ತಿಗೆ, ಯಾರ ಜೊತೆ, ಎಲ್ಲಿ ಸೇದುತ್ತಿದ್ದ ಎಂದು ಅವನೇ ಯೋಚಿಸಲಿ. ಆ ಹೊತ್ತಿಗೆ ಬೇರೆ ಕೆಲಸ ಇರಲಿ. ಸಂಜೆ ಆರಕ್ಕೆ ಸೇದುವವನಿಗೆ ಆರು ಗಂಟೆಗೆ ವಾಲಿಬಾಲ್ ಆಟವೋ, ತೋಟಕ್ಕೆ ನೀರು ಬಿಡುವುದೋ ಇರಬೇಕು. ಮೈ ಬೆವರುವ ಕೆಲಸ ರಾತ್ರಿ ನಿದ್ದೆಗೂ ಒಳ್ಳೆಯದು.
- ಮೊದಲ ವಾರ ದೊಡ್ಡ ಊಟಕ್ಕೆ ಒತ್ತಾಯ ಬೇಡ. ಗಂಜಿ, ಚಟ್ನಿ, ಮಜ್ಜಿಗೆ, ಬೊಂಡ, ಬಾಳೆಹಣ್ಣು ಸ್ವಲ್ಪ ಸ್ವಲ್ಪ ಕೊಡಿ. ಸಂಜೆಯ ನಂತರ ಚಾ, ಕಾಫಿ ಬೇಡ.
- ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡಲೇಬೇಡಿ. ಒಂದು ಚಟ ಹೋಗಿ ಇನ್ನೊಂದು ಹಿಡಿಯುತ್ತದೆ.

ಬೀಡಿ ಮತ್ತು ಕುಡಿತ

ಬೀಡಿ ಕಟ್ಟಿ ಸಂಸಾರ ನಡೆಸಿದ ನಮಗೆ ಹೊಗೆಸೊಪ್ಪಿನ ಗುಣ ಗೊತ್ತು. ಗಾಂಜಾವನ್ನು ಹಲವರು ಹೊಗೆಸೊಪ್ಪಿನೊಂದಿಗೆ ಬೆರೆಸಿಯೇ ಸೇದುತ್ತಾರೆ. ಹಾಗಾಗಿ ಅವರಿಗೆ ಎರಡು ಚಟ. ಗಾಂಜಾ ಬಿಟ್ಟಾಗ ಬೀಡಿ, ಸಿಗರೇಟು ಹೆಚ್ಚಾಗುತ್ತದೆ. ಒಂದು ಬೀಡಿ ಹಚ್ಚಿದರೆ ಗಾಂಜಾದ ನೆನಪೂ ಬರುತ್ತದೆ. ಎರಡನ್ನೂ ಒಟ್ಟಿಗೆ ಬಿಡಲು ಸಾಧ್ಯವಾದರೆ ಉತ್ತಮ. ಇದಕ್ಕೆ ವೈದ್ಯರ ನೆರವು ಸಿಗುತ್ತದೆ.

ಕುಡಿತದ ವಿಷಯದಲ್ಲಿ ಬಹಳ ಜಾಗ್ರತೆ ಬೇಕು. ಗಾಂಜಾವನ್ನು ಒಮ್ಮೆಲೇ ನಿಲ್ಲಿಸಿದರೆ ಕಷ್ಟವಾಗುತ್ತದೆ, ಆದರೆ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ಕುಡಿತ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣವೂ ಹೋಗಬಹುದು. ಎರಡೂ ಚಟ ಇದ್ದರೆ ಮನೆಯಲ್ಲೇ ಪ್ರಯೋಗ ಮಾಡದೆ ಮೊದಲು ಡಾಕ್ಟರರನ್ನು ನೋಡಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ?

- ಇಲ್ಲದ ಧ್ವನಿ ಕೇಳಿಸುತ್ತದೆ, ಯಾರೋ ಹಿಂಬಾಲಿಸುತ್ತಾರೆ, ಅನ್ನದಲ್ಲಿ ವಿಷ ಹಾಕಿದ್ದಾರೆ ಎನ್ನುವಾಗ. ಇದು ಸೇದುವಾಗಲೂ ಬರಬಹುದು, ಬಿಟ್ಟ ಮೇಲೂ ಬರಬಹುದು. ಕುಟುಂಬದಲ್ಲಿ ಯಾರಿಗಾದರೂ ಇಂಥ ಮಾನಸಿಕ ಕಾಯಿಲೆ ಇದ್ದರೆ ಅಪಾಯ ಹೆಚ್ಚು.
- "ಬದುಕಿ ಪ್ರಯೋಜನ ಇಲ್ಲ" ಎಂಬ ಮಾತು ಬಂದಾಗ. ಇದನ್ನು ನಾಟಕ ಎನ್ನಬೇಡಿ, ಅವನನ್ನು ಒಬ್ಬನೇ ಬಿಡಬೇಡಿ.
- ವಾಂತಿ ನಿಲ್ಲದಿದ್ದಾಗ.
- ಮನೆಯವರ ಮೇಲೆ ಕೈ ಮಾಡಿದಾಗ. ಸಿಟ್ಟಿಗೆ ಕಾರಣ ಏನೇ ಇರಲಿ, ಪೆಟ್ಟು ತಿನ್ನುವುದು ತಾಯಿಯ ಅಥವಾ ಹೆಂಡತಿಯ ಕರ್ತವ್ಯ ಅಲ್ಲ.

ನಗರದಲ್ಲಿ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ, ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ಮಾನಸಿಕ ರೋಗ ವಿಭಾಗಗಳಿವೆ. ಮಾದಕ ವಸ್ತು ಬಿಡಿಸುವ ಸಲಹೆಗೆ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡೂ ಉಚಿತ. ಟೆಲಿ ಮಾನಸ್ ಹಗಲು ರಾತ್ರಿ ಕೆಲಸ ಮಾಡುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿಯುತ್ತಾರಾ?

ಚಿಕಿತ್ಸೆಗೆ ಹೋಗುವುದು ಅಪರಾಧವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾದಕ ವಸ್ತುವಿನಿಂದ ಬರುವ ಮಾನಸಿಕ ತೊಂದರೆಗೂ ಅನ್ವಯಿಸುತ್ತದೆ, ರೋಗಿಯ ವಿಷಯ ಗುಟ್ಟಾಗಿಡುವ ಹಕ್ಕನ್ನು ಕೊಡುತ್ತದೆ.

1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳ ತನಕ ಜೈಲು ಅಥವಾ 10,000 ರೂಪಾಯಿ ತನಕ ದಂಡ ಅಥವಾ ಎರಡೂ ಆಗಬಹುದು. ಆದರೆ ಅದೇ ಕಾಯ್ದೆಯ 64ಎ ಕಲಂ ಒಂದು ದಾರಿ ಇಟ್ಟಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸು ಇರುವ ವ್ಯಸನಿ, ಸರಕಾರದ ಅಥವಾ ಸರಕಾರ ಒಪ್ಪಿದ ಕೇಂದ್ರದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ಅವನ ಮೇಲೆ ಕೇಸು ನಡೆಸದಿರಲು ಅವಕಾಶ ಉಂಟು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಿಯಾಯಿತಿ ಹೋಗಬಹುದು. ಗಾಂಜಾ ಮಾರುವವರಿಗೆ ಇದು ಅನ್ವಯಿಸುವುದಿಲ್ಲ. ಕೇಸು ಆಗಿದ್ದರೆ ವಕೀಲರನ್ನು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಿರಿ.

ಹಣದ ವಿಷಯ

ಹಲವು ತಾಯಂದಿರು ಗಾಂಜಾದ ಸಾಲವನ್ನು ಗುಟ್ಟಾಗಿ ತೀರಿಸುತ್ತಾರೆ. ಮನೆ ರಿಪೇರಿ ಎಂದು ಸಂಘದಿಂದ ಸಾಲ ತೆಗೆದು ಮಗನ ಕೈಗೆ ಕೊಡುವುದೂ ಉಂಟು. ಇದರಿಂದ ಚಟಕ್ಕೆ ಇನ್ನೊಂದು ತಿಂಗಳು ಆಯುಷ್ಯ ಸಿಗುತ್ತದೆ, ಕಂತು ಕಟ್ಟುವುದು ತಾಯಿಯೇ. ಈ ಮೂವತ್ತು ದಿನ ಅವನ ಕೈಗೆ ನಗದು ಕೊಡಬೇಡಿ. ಬಸ್ಸಿಗೆ, ಊಟಕ್ಕೆ ಬೇಕಾದಷ್ಟು ಮಾತ್ರ ಇರಲಿ. ದಿನಾ ಗಾಂಜಾಕ್ಕೆ ಹೋಗುತ್ತಿದ್ದ ಹಣವನ್ನು ಒಂದು ಡಬ್ಬಿಗೆ ಹಾಕಲು ಹೇಳಿ. ತಿಂಗಳ ಕೊನೆಗೆ ಅವನೇ ಎಣಿಸಲಿ. ನಮ್ಮ ಮಾತಿಗಿಂತ ಆ ಲೆಕ್ಕ ಅವನಿಗೆ ಬೇಗ ನಾಟುತ್ತದೆ.

ಮೂವತ್ತು ದಿನ ಮುಗಿದ ಮೇಲೆ

"ನೋಡಿ, ಬಿಟ್ಟೆ ಅಲ್ವಾ? ನನಗೆ ಚಟ ಇಲ್ಲ" ಎಂದು ತಿರುಗಿ ಸುರು ಮಾಡುವವರು ಇದ್ದಾರೆ. ಆಗ ಮಿದುಳಿನ ಬೀಗಗಳು ತೆರೆದಿರುತ್ತವೆ, ಹಳೆಯ ಪ್ರಮಾಣವೇ ಜೋರಾಗಿ ಹೊಡೆಯುತ್ತದೆ. ಎದೆ ಡವಡವ, ಹೆದರಿಕೆ, ಬೈಕಿನಲ್ಲಿದ್ದರೆ ಅಪಘಾತ.

ಹಾಗಾಗಿ ಕೊನೆಯ ದಿನ ಕೂತು ಮಾತಾಡಿ. ನಿದ್ದೆ, ಊಟ, ಕೆಲಸ, ಕೈಯಲ್ಲಿ ಉಳಿದ ಹಣ, ಮನೆಯ ಮಾತುಕತೆ ಇವು ಹೇಗಿದ್ದವು ಎಂದು ಅವನೇ ಹೇಳಲಿ. ಚೆನ್ನಾಗಿದ್ದರೆ ಎರಡನೇ ತಿಂಗಳು ಮುಂದುವರಿಸಲಿ, ಹಾಗೆಯೇ ಪೂರ್ತಿ ಬಿಡಲಿ. ಮೂವತ್ತು ದಿನ ದಾಟಲು ಆಗದಿದ್ದರೆ ಅದೂ ಒಂದು ಉತ್ತರವೇ: ಅವನಿಗೆ ಒಬ್ಬನಿಗೇ ಆಗುವ ಕೆಲಸ ಇದಲ್ಲ, ಆಪ್ತ ಸಮಾಲೋಚನೆ ಬೇಕು. ನಡುವೆ ಒಮ್ಮೆ ಸೇದಿದರೆ "ಎಲ್ಲ ಹಾಳಾಯ್ತು" ಎನ್ನಬೇಡಿ. ಮರುದಿನದಿಂದ ಮುಂದುವರಿಸಲು ಹೇಳಿ. ಮುರಿದ ಕಂತನ್ನು ಮುಂದಿನ ವಾರ ಕಟ್ಟಿಸಿಕೊಂಡು ಸದಸ್ಯೆಯನ್ನು ಉಳಿಸಿಕೊಳ್ಳುವ ಅಭ್ಯಾಸ ಸಂಘದಲ್ಲಿ ನಮಗೆ ಇದ್ದೇ ಇದೆ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ

1. ಒಬ್ಬ ಸದಸ್ಯೆ ಮಗನ ವಿಷಯ ಹೇಳಿದರೆ ಅದು ಸಭೆಯ ಹೊರಗೆ ಹೋಗದ ಹಾಗೆ ನಾವು ಏನು ನಿಯಮ ಮಾಡಬಹುದು?
2. ಕಷ್ಟದ ಮೊದಲ ವಾರದಲ್ಲಿ ಆ ಮನೆಗೆ ಹೋಗಿ ತಾಯಿಯ ಜೊತೆ ಒಂದು ಗಂಟೆ ಕೂರಲು, ಅವಳು ಸ್ವಲ್ಪ ಮಲಗುವಂತೆ ಮಾಡಲು ಯಾರಿಗೆ ಸಾಧ್ಯ?
3. ಆಸ್ಪತ್ರೆಗೆ ಜೊತೆಯಲ್ಲಿ ಹೋಗಲು ಇಬ್ಬರು ಸಿದ್ಧರಿದ್ದೀರಾ?