ಕಾರಿನ ಹಳೆಯ ಬಾಗಿಲನ್ನು ಕೊಳ್ಳುವ ಮುನ್ನ

ಟ್ಯಾಕ್ಸಿಗೆ ಪಕ್ಕದಿಂದ ಪೆಟ್ಟು ಬಿದ್ದು ಬಾಗಿಲು ನಗ್ಗಿಹೋದರೆ, ಹೊಸದರ ಬೆಲೆ ಕೇಳಿ ಎದೆ ಝಲ್ಲೆನ್ನುವುದು ಸಹಜ. ಆಗ ಮುಂಬಯಿಯವರು ಕುರ್ಲಾದಲ್ಲಿಯೂ, ಚೆನ್ನೈಯವರು ಪುದುಪೇಟೆಯಲ್ಲಿಯೂ, ದೆಹಲಿಯವರು ಮಾಯಾಪುರಿಯಲ್ಲಿಯೂ ಗುಜರಿ ಅಂಗಡಿಗಳನ್ನು ಸುತ್ತುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊಂದದ ಬಾಗಿಲನ್ನು ತಂದರೆ ಕೊಟ್ಟ ಹಣದ ಜೊತೆಗೆ ಗಾಡಿ ನಿಂತಷ್ಟು ದಿನಗಳ ಸಂಪಾದನೆಯೂ ಹೋಗುತ್ತದೆ. ಆದುದರಿಂದ ಟ್ಯಾಕ್ಸಿ ನಡೆಸುವ ನಮ್ಮ ಬಂಧುಗಳಿಗಾಗಿ ಕೆಲವು ಸೂಚನೆಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಮೊದಲನೆಯದು, ವರ್ಷ. ಕಾರಿನ ಹೆಸರು ಒಂದೇ ಆದ ಮಾತ್ರಕ್ಕೆ ಬಾಗಿಲು ಒಂದೇ ಆಗದು. ಮಾರುತಿ ವ್ಯಾಗನ್-ಆರ್ 1999ರ ಕೊನೆಯಲ್ಲಿ ಬಂದಿತು. 2010ರಲ್ಲಿ ಅದರ ಮೈಕಟ್ಟು ಬದಲಾಯಿತು. 2019ರಲ್ಲಿ ಮತ್ತೆ ಬದಲಾಗಿ ಇನ್ನೂ ಅಗಲವಾಯಿತು. ಇವುಗಳಲ್ಲಿ ಒಂದರ ಬಾಗಿಲು ಮತ್ತೊಂದಕ್ಕೆ ಹೊಂದುವುದಿಲ್ಲ. ಆರ್.ಸಿ.ಯಲ್ಲಿ ನೋಂದಣಿಯ ದಿನವನ್ನಲ್ಲ, ಗಾಡಿ ತಯಾರಾದ ತಿಂಗಳು ಮತ್ತು ವರ್ಷವನ್ನು ನೋಡಬೇಕು. ಎಡಬಲಗಳನ್ನು ಚಾಲಕನ ಸ್ಥಾನದಲ್ಲಿ ಮುಂದಕ್ಕೆ ಮುಖಮಾಡಿ ಕುಳಿತಂತೆ ಎಣಿಸಬೇಕು.

ಎರಡನೆಯದು, ಅನೇಕರು ಮರೆಯುವ ಸಂಗತಿ: ನಮ್ಮ ಗಾಡಿಯ ಚೌಕಟ್ಟು. ಪೆಟ್ಟು ಬಲವಾಗಿದ್ದರೆ ಬಾಗಿಲನ್ನು ಹೊತ್ತ ಕಂಬವೂ ಸರಿದಿರಬಹುದು. ಆಗ ಹೊಚ್ಚಹೊಸ ಬಾಗಿಲೂ ಸರಿಯಾಗಿ ಕೂರದು. ಜಗ್ಗದ ದಾರವೊಂದರಿಂದ, ಪೆಟ್ಟು ಬೀಳದ ಪಕ್ಕದ ಬಾಗಿಲಿನ ತೆರಪನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆಯಿರಿ. ಅದೇ ದಾರವನ್ನು ಇನ್ನೊಂದು ಪಕ್ಕದ ಅವೇ ಮೂಲೆಗಳಿಗೆ ಹಿಡಿಯಿರಿ. ವ್ಯತ್ಯಾಸ ಕಂಡರೆ ಮೊದಲು ಕಂಬವನ್ನು ಸರಿಪಡಿಸಿ, ಆಮೇಲೆ ಬಾಗಿಲಿಗೆ ಹಣ ಹಾಕಬೇಕು.

ಮೂರನೆಯದು, ಅಂಗಡಿಯಲ್ಲಿ ಮಾಡುವ ಪರೀಕ್ಷೆ. ನಗ್ಗಿದ ಬಾಗಿಲನ್ನು ಒಯ್ದು ಎರಡನ್ನೂ ಪಕ್ಕಪಕ್ಕದಲ್ಲಿಡಿ. ಕೀಲಿನ ಬೋಲ್ಟುಗಳ ತೂತು, ಲಾಕಿನ ಜಾಗ, ಕನ್ನಡಿ ಕೂರುವ ಜಾಗ, ವೈರು ಹೋಗುವ ರಂಧ್ರ, ಹೊರಮೈಯ ಗೆರೆ, ಇವನ್ನು ಒಂದೊಂದಾಗಿ ಹೋಲಿಸಿ. ಗಾಜು ಕೈಯಿಂದ ತಿರುಗಿಸುವಂಥದೋ ಸ್ವಿಚ್ಚಿನದೋ ಎಂಬುದನ್ನೂ ನೋಡಿ. ಅಂಚನ್ನು ಕಣ್ಣಿನ ನೇರಕ್ಕೆ ಹಿಡಿದರೆ ತಿರುಚು ತಿಳಿಯುತ್ತದೆ. ತೆಳುಬಟ್ಟೆ ಸುತ್ತಿದ ಅಯಸ್ಕಾಂತವನ್ನು ಉಕ್ಕಿನ ತಗಡಿನ ಮೇಲೆ ಆಡಿಸಿದಾಗ ಹಿಡಿತ ಸಡಿಲವಾದ ಕಡೆ, ಬಣ್ಣದ ಕೆಳಗೆ ದಪ್ಪ ಪುಟ್ಟಿ ಇದೆಯೆಂದು ತಿಳಿಯಬೇಕು. ಕೆಳಗಿನ ಅಂಚಿನಲ್ಲಿ ನೀರು ನಿಂತು ತುಕ್ಕು ಹಿಡಿದಿರುವುದುಂಟು. ಅಲ್ಲಿ ಬೆರಳಾಡಿಸಿ ನೋಡಿ.

ಹಣ ಕೊಡುವಾಗ ಬಿಲ್ಲು ಕೇಳಿ. ಅದರಲ್ಲಿ ಬಿಚ್ಚಿದ ಗಾಡಿಯ ನಂಬರು ಮತ್ತು ಹೊಂದದಿದ್ದರೆ ಹಿಂದಕ್ಕೆ ಪಡೆಯುವ ಮಾತು ಇರಲಿ. ಬಿಲ್ಲಿಲ್ಲದ ಮಾಲು ಕಳವಿನದಾಗಿರಬಹುದು. ಕಳವಿನದೆಂದು ತಿಳಿದೂ ಕೊಳ್ಳುವುದು ಅಪರಾಧ.

ಕಡೆಯದಾಗಿ, ಬಣ್ಣ ಹೊಡೆಸುವ ಮೊದಲೇ ಬಾಗಿಲನ್ನು ಕೂರಿಸಿ ನೋಡಬೇಕು. ಬಣ್ಣ ಬಿದ್ದ ಮೇಲೆ ಅಂಗಡಿಯವನು ಹಿಂದಕ್ಕೆ ಪಡೆಯಲಾರನು. ಮೇಸ್ತ್ರಿಯು ಬೋಲ್ಟುಗಳನ್ನು ಸಡಿಲವಾಗಿ ಹಾಕಿ, ಬಾಗಿಲನ್ನು ಹದಕ್ಕೆ ಸರಿಸಿ, ಆಮೇಲೆ ಬಿಗಿಯಲಿ. ಸುತ್ತಲಿನ ಸಂದು ಒಂದೇ ಸಮನಾಗಿರಬೇಕು. ಬಾಗಿಲಿನ ನಡುವೆ ಕಾಗದದ ಚೂರಿಟ್ಟು ಮುಚ್ಚಿದಾಗ ಅದು ಸಲೀಸಾಗಿ ಜಾರಿ ಬಂದರೆ ಅಲ್ಲಿ ಮಳೆನೀರು ಒಳಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎತ್ತಿ ಹಿಡಿಯದೆ, ದಬ್ಬೆಂದು ಬಡಿಯದೆ ಲಾಕು ಪೂರ್ತಿಯಾಗಿ ಬೀಳಬೇಕು. ಅರೆ ಹಿಡಿತದಲ್ಲಿ ನಿಂತ ಬಾಗಿಲು ತಿರುವಿನಲ್ಲಿ ತೆರೆದುಕೊಂಡೀತು. ಉಳಿಸಿದ ನಾಲ್ಕು ಕಾಸು ಒಳಗೆ ಕುಳಿತವರ ಪ್ರಾಣಕ್ಕಿಂತ ದೊಡ್ಡದಲ್ಲ.