ಪರಸಿ ಮೇಲಿನ ಬಿಳಿ ಕಲೆ

ಶಹಾಬಾದಿನ ಪರಿಚಿತರೊಬ್ಬರ ಮನೆಗೆ ಹೋದಾಗ ಸಾಕಿದ ಮೊಲಕ್ಕಿಂತ ಅದು ಕೂತಿದ್ದ ಪರಸಿ ಮೇಲಿನ ಬಿಳಿ ಕಲೆಗಳೇ ನನ್ನನ್ನು ಹಿಡಿದು ನಿಲ್ಲಿಸಿದವು. ‘ಇದರ ಉಚ್ಚಿ ಕಲಿ ರೀ, ಎಷ್ಟ್ ತಿಕ್ಕಿದ್ರೂ ಹೋಗವಲ್ದು’ ಎನ್ನುತ್ತ ಮನೆಯಾಕೆ ನಿಂಬೆಹೋಳು ಉಜ್ಜಿದರು. ಸಣ್ಣಗೆ ನೊರೆ ಬಂದು ಕಲೆ ಕರಗಿತು. ಜೊತೆಗೆ ಕಲ್ಲಿನ ನುಣುಪೂ ಹೋಯಿತು!

ಕಾರಣ ಸೊಗಸಾಗಿದೆ. ಮೊಲದ ಕರುಳು ಬೇಕೋ ಬೇಡವೋ ನೋಡದೆ ತಿಂದ ಕ್ಯಾಲ್ಸಿಯಂ ಹೀರುತ್ತದೆ; ಹೆಚ್ಚಾದದ್ದು ಮೂತ್ರದಲ್ಲಿ ಹೊರಹೋಗುತ್ತದೆ. ಆ ಮೂತ್ರ ಒಣಗಿದರೆ ಉಳಿಯುವುದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಪರಸಿಗೆ ಹಾಸುವ ಶಹಾಬಾದ್ ಕಲ್ಲೂ ಸುಣ್ಣದಕಲ್ಲೇ. ಹುಳಿಗೆ ಕಲೆ ಯಾವುದು, ಕಲ್ಲು ಯಾವುದು ಎಂಬ ಭೇದವಿಲ್ಲ. ವಾಡಿಯಿಂದ ಸೇಡಂವರೆಗೆ ಸಿಮೆಂಟ್ ಕಾರ್ಖಾನೆಗಳನ್ನು ಕರೆತಂದ ಖನಿಜವನ್ನೇ ಈ ಪ್ರಾಣಿ ಪುಕ್ಕಟೆ ಉತ್ಪಾದಿಸುತ್ತಿದೆ! ಕಲೆ ತೆಗೆಯಲು ವಿನೆಗರನ್ನು ಗೂಡಿನ ಪ್ಲಾಸ್ಟಿಕ್ ತಟ್ಟೆಗೆ ಹಾಕಿ, ಪರಸಿಗೆ ಬೇಡ. ಅಲ್ಲಿ ಕಲೆ ಒಣಗುವ ಮೊದಲೇ ಒರೆಸಬೇಕು. ಬಿಳಿ ಕಲೆ ರೋಗವಲ್ಲ. ಆದರೆ ಮೂತ್ರ ಪೇಸ್ಟಿನಂತೆ ಗಟ್ಟಿಯಾದರೆ, ಮೊಲ ತಿಣುಕುತ್ತಿದ್ದರೆ ದನದ ದವಾಖಾನೆಗೆ ಒಯ್ಯಿರಿ. ಕ್ಯಾಲ್ಸಿಯಂ ಹೆಚ್ಚಿರುವ ಕುದುರೆ ಮಸಾಲೆ ಸೊಪ್ಪು ಕಡಿಮೆ ಮಾಡಿ, ಒಣಹುಲ್ಲು, ನೀರು ಧಾರಾಳವಾಗಿ ಕೊಡಿ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಮೊಲಕ್ಕೆ ಸ್ನಾನ ಮಾಡಿಸುವ ಆಸೆ ಸಹಜ. ಮಾಡಿಸಬೇಡಿ. ನೀರಿಗೆ ಹಾಕಿದರೆ ಅದು ಬೆದರಿ ಒದ್ದಾಡಿ ಬೆನ್ನೆಲುಬನ್ನೇ ಮುರಿದುಕೊಳ್ಳಬಹುದು. ಅದು ದಿನವೂ ತನ್ನನ್ನು ತಾನೇ ನೆಕ್ಕಿ ಶುಚಿಗೊಳಿಸಿಕೊಳ್ಳುತ್ತದೆ. ಮೊಲದ ಶಾಂಪೂ ಮಾರುವವರ ಮಾತು ನನಗಂತೂ ಒಪ್ಪಿಗೆಯಿಲ್ಲ. ತಂಪಾದ ಪರಸಿ ಅದಕ್ಕೆ ಹಿತ, ಆದರೆ ಸದಾ ಬರಿಗಲ್ಲಿನ ಮೇಲೆ ಕೂತರೆ ಹಿಂಗಾಲಿನ ಅಡಿ ಹುಣ್ಣಾಗುತ್ತದೆ. ಒಂದು ಮೂಲೆಯಲ್ಲಿ ಹಳೆ ಕೌದಿ ಹಾಸಿ. ಸಿಮೆಂಟ್ ಧೂಳು ಬೀಳುವ ಕಡೆ ಗೂಡನ್ನು ಒಳಗಿಡಿ.

ನಿಜವಾದ ಆರೈಕೆ ಬ್ರಷ್‌ನದು. ಕೂದಲುದುರುವ ಕಾಲದಲ್ಲಿ ದಿನವೂ, ಉಳಿದಂತೆ ವಾರಕ್ಕೊಮ್ಮೆ ಮೆತ್ತಗೆ ಬಾಚಬೇಕು. ನುಂಗಿದ ಕೂದಲನ್ನು ಬೆಕ್ಕಿನಂತೆ ಕಾರಿಕೊಳ್ಳಲು ಮೊಲಕ್ಕೆ ಬರುವುದಿಲ್ಲ. ನಾರಿಲ್ಲದ ಮೇವೂ ಸೇರಿದರೆ ಕರುಳೇ ನಿಲ್ಲಬಹುದು. ಉಗುರು ಕತ್ತರಿಸುವಾಗ ಒಳಗಿನ ಗುಲಾಬಿ ಭಾಗಕ್ಕೆ ತಾಗಿಸಬೇಡಿ. ಹಿಂಭಾಗ ಹೊಲಸಾದರೆ ಅಷ್ಟನ್ನೇ ಉಗುರುಬೆಚ್ಚಗಿನ ನೀರಲ್ಲಿ ಒರೆಸಿ ಪೂರ್ತಿ ಒಣಗಿಸಿ. ಇಲ್ಲವಾದರೆ ನೊಣ ಕೂತು ಹುಳು ಬೀಳುತ್ತವೆ.

ಕೊನೆಯದಾಗಿ, ಚಿಂಚೋಳಿ ಕಾಡಿನ, ಚಿತ್ತಾಪುರದ ತೊಗರಿ ಹೊಲದ ಮೊಲದ ಮರಿಯನ್ನು ಎತ್ತಿ ತರಬೇಡಿ. ಸಾಕುಮೊಲದ ಮೂಲ ಯುರೋಪ್; ಹೊಲದ್ದು ಬೇರೆಯೇ ಜಾತಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಸಾಕುವುದು ಅಪರಾಧ.